ತೋಡು ಬತ್ತಿದ ಮೇಲೆ ಕಟ್ಟಕ್ಕೆ ದುಡ್ಡು ಬರುವುದೇಕೆ?

ತೋಡಕರೆ
ಬಜೆಟಿನ ಒಳಗುಟ್ಟು ಗೊತ್ತಿದ್ದವರು ಇದ್ದರೆ ಸ್ವಲ್ಪ ಹೇಳಿ ಮಾರಾಯ್ರೆ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದಿಂದ ಒಳಗೆ, ಅಡಿಕೆ ತೋಟ. ಕೆಳಗಿನ ತೋಡಿಗೆ ಅಜ್ಜನ ಕಾಲದಿಂದಲೂ ನಾಲ್ಕು ಮನೆಯವರು ಸೇರಿ ಕಟ್ಟ, ಅಂದರೆ ನೀರು ನಿಲ್ಲಿಸುವ ಒಡ್ಡು, ಹಾಕುತ್ತೇವೆ. ಮಳೆ ಬಿಟ್ಟು ಹರಿವು ಇಳಿಯುವ ಹೊತ್ತಿಗೆ, ನವೆಂಬರ್ ಕೊನೆಗೆ, ತಪ್ಪಿದರೆ ಡಿಸೆಂಬರಿಗೆ. ಕಲ್ಲು, ಮಣ್ಣು, ಅಡಿಕೆ ಮರದ ತುಂಡು, ಈಗ ನಡುವೆ ಒಂದು ಪ್ಲಾಸ್ಟಿಕ್ ಶೀಟು. ಬಾವಿಯಲ್ಲಿ ಏಪ್ರಿಲ್‌ವರೆಗೆ ನೀರು ನಿಲ್ಲುವುದು ಅದರಿಂದಲೇ.

ಹೋದ ವರ್ಷ ಯಾವುದೋ ಯೋಜನೆಯಲ್ಲಿ ಇದಕ್ಕೆ ದುಡ್ಡು ಉಂಟು ಅಂತ ಅರ್ಜಿ ಬರೆಸಿಕೊಂಡರು. ಕೇಂದ್ರದ್ದು 60, ರಾಜ್ಯದ್ದು 40. ದುಡ್ಡು ಬಂತು, ಮಾರ್ಚ್ 19ಕ್ಕೆ! ತೋಡಿನಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಆಫೀಸಿನಿಂದ ಫೋನು: "31ರ ಒಳಗೆ ಕಟ್ಟ ಆಗಬೇಕು, ಫೋಟೋ ಬೇಕು, ಇಲ್ಲವಾದರೆ ಲ್ಯಾಪ್ಸ್, ದುಡ್ಡು ವಾಪಸು." ಒಣ ತೋಡಿಗೆ ಕಟ್ಟ ಹಾಕಿ, ಅದರ ಮೇಲೆ ಆರು ಜನ ನಿಂತು ಫೋಟೋ ತೆಗೆಸಿಕೊಂಡೆವು. ಜೂನಿನ ಮೊದಲ ಮಳೆಗೆ ಅದು ಹೋಯಿತು. ಒಂದು ಹನಿ ನೀರು ನಿಲ್ಲಿಸಿದ್ದಿಲ್ಲ.

ಹಿಂದಿನ ಫೆಬ್ರವರಿಯಲ್ಲೇ ಓದಿದ ಬಜೆಟಿನ ದುಡ್ಡು ವರ್ಷ ಮುಗಿಯುವಾಗ ಯಾಕೆ ಬರುವುದು?

ಬೊಂಡಪ್ರಿಯ
ಬಜೆಟ್ ತಯಾರಿಯ ಕೊನೆಗೆ ದೆಹಲಿಯಲ್ಲಿ ಶಾಸ್ತ್ರಕ್ಕೆ ಹಲ್ವ ಕಾಯಿಸುವುದು ಜನವರಿಯಲ್ಲಿ ಅಲ್ಲವಾ. ಬದಿಯಡ್ಕಕ್ಕೆ ಬರುವಾಗ ಬಾಣಲೆ ತಳ ಕೆರೆಯುವುದೇ.

ಪಿಂಚಣಿಮಾವ
ನಾನು 28 ವರ್ಷ ದೆಹಲಿಯಲ್ಲಿ ಕೇಂದ್ರದ ಒಂದು ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿದ್ದವ, ಈಗ ಕುಂಬಳೆಯಲ್ಲಿ ಸುಮ್ಮನೆ ಕೂತಿದ್ದೇನೆ. ಹಾಗಾಗಿ ಬೈಗುಳದಲ್ಲಿ ನನಗೂ ಪಾಲು ಉಂಟು.

ಮೊದಲು ಲ್ಯಾಪ್ಸ್ ವಿಷಯ. ಅದು ಆಫೀಸಿನವರು ಹೆದರಿಸಲು ಹೇಳುವ ಮಾತಲ್ಲ. ಖರ್ಚಿಗೆ ಒಪ್ಪಿಗೆ ಕೊಡುವ ವಿನಿಯೋಗ ಮಸೂದೆಯನ್ನು ಸಂಸತ್ತು ಪಾಸು ಮಾಡದೆ ಸಂಚಿತ ನಿಧಿಯಿಂದ, ಅಂದರೆ ಸರಕಾರದ ಖಜಾನೆಯಿಂದ, ಒಂದು ಪೈಸೆಯನ್ನೂ ತೆಗೆಯಬಾರದು, ಸಂವಿಧಾನದ 114ನೇ ವಿಧಿ. ಆ ಒಪ್ಪಿಗೆ ಇರುವುದು ಒಂದು ವರ್ಷಕ್ಕೆ. ಮಾರ್ಚ್ 31ರ ರಾತ್ರಿ ಅದರ ಜೀವ ಹೋಗುತ್ತದೆ. ಈಶಾನ್ಯ ರಾಜ್ಯಗಳಿಗೆ 1998ರಲ್ಲಿ ಲ್ಯಾಪ್ಸ್ ಆಗದ ಒಂದು ನಿಧಿ ಮಾಡಿದ್ದರು, ಅಂಥದ್ದು ಅಪರೂಪ.

ಎರಡನೆಯದು, ನೀವು ಟಿವಿಯಲ್ಲಿ ಕೇಳುವ ಭಾಷಣ ಬಜೆಟ್ ಅಲ್ಲ. ಖರ್ಚಿನ ಪುಸ್ತಕದಲ್ಲಿ ನಾಲ್ಕು ಕಾಲಂ ಇರುತ್ತದೆ: ಎರಡು ವರ್ಷದ ಹಿಂದೆ ನಿಜವಾಗಿ ಆದ ಖರ್ಚು, ಈ ವರ್ಷದ ಅಂದಾಜು, ಅದನ್ನೇ ವರ್ಷದ ನಡುವೆ ತಿದ್ದಿದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು. ಜನ ಕೊನೆಯದನ್ನು ನೋಡುತ್ತಾರೆ. ನಾವು ನೋಡುತ್ತಿದ್ದದ್ದು ಮೂರನೆಯದನ್ನು. ಉದ್ಯೋಗ ಖಾತ್ರಿಯನ್ನೇ ನೋಡಿ. 2022-23ರ ಅಂದಾಜು 73,000 ಕೋಟಿ, ಪರಿಷ್ಕೃತ 89,400 ಕೋಟಿ. ಹಾಗಿದ್ದೂ 2023-24ಕ್ಕೆ ಬರೆದದ್ದು 60,000, ಕೊನೆಗೆ ಪರಿಷ್ಕರಿಸಿದ್ದು 86,000. ಫೆಬ್ರವರಿಯ ಅಂಕಿಯನ್ನು ನಂಬಿ ಕೂತವನಿಗೆ ಎಂತ ಹೇಳುವುದು?

ಪರಿಷ್ಕೃತದ ಚೌಕಾಸಿ ಶುರುವಾಗುವುದು ಮಳೆಗಾಲ ಮುಗಿಯುವಾಗ. ಹಣಕಾಸು ಸಚಿವಾಲಯದವರು ಮೊದಲ ಆರು ತಿಂಗಳ ಖರ್ಚು ಎಷ್ಟು ಅಂತ ಕೇಳುತ್ತಾರೆ. ಕಡಿಮೆ ಇದ್ದರೆ ಕತ್ತರಿ. ಅದಕ್ಕೆ ಕಂತಿನ ಲೆಕ್ಕ ಬೇರೆ: 2021ರಲ್ಲಿ ತಂದ ಕ್ರಮದಲ್ಲಿ ಇಂಥ ಯೋಜನೆಗಳಿಗೆ ಒಂದು ಸಲಕ್ಕೆ ಶೇ. 25ಕ್ಕಿಂತ ಹೆಚ್ಚು ಕೊಡುವುದಿಲ್ಲ, ಕೊಟ್ಟದ್ದರಲ್ಲಿ ಶೇ. 75 ಖರ್ಚಾಗಿ ರಾಜ್ಯದ ಪಾಲೂ ಸೇರಿದರೆ ಮಾತ್ರ ಮುಂದಿನ ಕಂತು. ದುಡ್ಡು ಬ್ಯಾಂಕಿನಲ್ಲಿ ಕೊಳೆಯಬಾರದು ಅಂತ ಮಾಡಿದ್ದು, ತಪ್ಪಲ್ಲ. ಆದರೆ ಎಲ್ಲೋ ಒಂದು ಜಿಲ್ಲೆಯ ಕಡತ ನಿಂತರೆ ನಿಮ್ಮ ತೋಡಿನ ಕಂತೂ ನಿಲ್ಲುತ್ತದೆ. ಮಾರ್ಚಿನ ನೂಕುನುಗ್ಗಲು ಬೇಡ ಅಂತಲೂ ನಿಯಮ ಉಂಟು: ಕೊನೆಯ ಮೂರು ತಿಂಗಳಲ್ಲಿ ಅಂದಾಜಿನ ಶೇ. 33, ಮಾರ್ಚಿನಲ್ಲಿ ಶೇ. 15 ಮೀರಬಾರದು. ಆ ಶೇ. 15ರ ಒಳಗೇ ನಿಮ್ಮ ಕಟ್ಟ ಬಂದದ್ದು, ನೋಡಿ.

ತೋಡಕರೆ
ಮಾವ, ಬಜೆಟನ್ನು ಫೆಬ್ರವರಿ 1ಕ್ಕೆ ತಂದದ್ದು ಇದನ್ನೇ ಸರಿ ಮಾಡಲು ಅಂತ ಕೇಳಿದ್ದೆ?

ಪಿಂಚಣಿಮಾವ
ಹೌದು, 2017ರಲ್ಲಿ. ಅದೇ ವರ್ಷ ರೈಲ್ವೆ ಬಜೆಟನ್ನೂ ಇದರಲ್ಲೇ ಸೇರಿಸಿದರು, ಕಾಸರಗೋಡಿಗೆ ಒಂದು ರೈಲು ಕೊಟ್ಟಾರಾ ಅಂತ ರೇಡಿಯೋಕ್ಕೆ ಕಿವಿ ಕೊಡುವ ಸುಖ ಹೋಯಿತು. ಮೊದಲು ಫೆಬ್ರವರಿ ಕೊನೆಗೆ ಮಂಡಿಸಿ, ಎರಡು ತಿಂಗಳ ಖರ್ಚಿಗೆ ಲೇಖಾನುದಾನ ಅಂತ ತಾತ್ಕಾಲಿಕ ಒಪ್ಪಿಗೆ ತೆಗೆದುಕೊಂಡು, ಪೂರ್ತಿ ಪಾಸಾಗುವಾಗ ಮೇ. ದುಡ್ಡು ಹೊರಡುವಾಗ ಇಲ್ಲಿ ಮಳೆ. ಈಗ ಏಪ್ರಿಲ್ 1ಕ್ಕೇ ಖರ್ಚು ಮಾಡಬಹುದು. ಒಳ್ಳೆಯ ಸುಧಾರಣೆ, ನಾನು ಒಪ್ಪುತ್ತೇನೆ.

ನನ್ನ ತಕರಾರು ಬೇರೆ. ನಿಮ್ಮಂಥವರ ದೂರು ಸಂಸತ್ತಿಗೆ ಮುಟ್ಟಲು ಒಂದು ಚಂದದ ದಾರಿ ಉಂಟು. ಇಲಾಖೆ ದುಡ್ಡಿಗೆ ಇಡುವ ಬೇಡಿಕೆ ಲೋಕಸಭೆಯಲ್ಲಿ ಚರ್ಚೆಗೆ ಬಂದಾಗ ಸಂಸದರು "ಇದರಿಂದ 100 ರೂಪಾಯಿ ಕಡಿಮೆ ಮಾಡಿ" ಅಂತ ಸೂಚನೆ ಕೊಡಬಹುದು. 100 ರೂಪಾಯಿ ನೆಪ, ದೂರು ದಾಖಲಾಗುವುದೇ ಮುಖ್ಯ. ಆದರೆ ದಿನ ಮುಗಿಯಿತು ಅಂತ ಉಳಿದ ಬೇಡಿಕೆಗಳನ್ನೆಲ್ಲ ಚರ್ಚೆ ಇಲ್ಲದೆ ಒಟ್ಟಿಗೆ ಮತಕ್ಕೆ ಹಾಕುತ್ತಾರೆ, ಅದಕ್ಕೆ ಗಿಲೊಟಿನ್ ಅಂತ ಹೆಸರು. 2018ರಲ್ಲಿ, ಮತ್ತೆ 2023ರಲ್ಲಿ, ಲೋಕಸಭೆಯಲ್ಲಿ ಒಂದು ಇಲಾಖೆಯ ಬೇಡಿಕೆಯೂ ಚರ್ಚೆಯಾಗಲಿಲ್ಲ. ಹಣ್ಣು, ಎಳತು ನೋಡದೆ ಗೊನೆ ಎಳೆದ ಹಾಗೆ.

ಟೀಚರ್_ಪುತ್ತಿಗೆ
ನಾನು ಒಂದು ಅವಧಿಗೆ ಪಂಚಾಯತು ಮೆಂಬರ್ ಆಗಿದ್ದೆ. ರಾಜ್ಯ ಬಜೆಟಿನ ಜೊತೆ ನಾಲ್ಕನೇ ಅನುಬಂಧ ಅಂತ ಬರುತ್ತದೆ, ಯಾವ ಪಂಚಾಯತಿಗೆ ಎಷ್ಟು ಅಂತ ಅದರಲ್ಲೇ ಇರುತ್ತದೆ. ನನ್ನ ಕೈಗೆ ಸಿಕ್ಕಿದ್ದು ಮಲಯಾಳದ್ದು, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುವುದೇ ನನ್ನ ಕೆಲಸವಾಗಿತ್ತು. ಮಾರ್ಚಿನಲ್ಲಿ ಟ್ರೆಷರಿ ಮುಂದೆ ಬಿಲ್ಲು ಹಿಡಿದು ನಿಂತ ಕಾಲುನೋವು ಇನ್ನೂ ಉಂಟು. ತೋಡಕರೆ, ನೀವು ಕಿಂಡಿ ಅಣೆಕಟ್ಟು ಕೇಳಿ. ಮಾರ್ಚಿನಲ್ಲಿ ತೋಡು ಒಣಗಿರುವಾಗಲೇ ಕಾಂಕ್ರೀಟ್ ಹಾಕುವುದು ಸುಲಭ, ನವೆಂಬರಿನಲ್ಲಿ ಹಲಗೆ ಇಳಿಸಿದರೆ ಸಾಕು.

ಪಿಂಚಣಿಮಾವ
ಟೀಚರ್ ಹೇಳಿದ್ದು ಸರಿ. ಸರಕಾರಿ ವರ್ಷಕ್ಕೆ ಸಿಮೆಂಟು ಹೊಂದುತ್ತದೆ, ಮಣ್ಣು ಹೊಂದುವುದಿಲ್ಲ. ಆರ್ಥಿಕ ವರ್ಷವನ್ನೇ ಜನವರಿಗೆ ತನ್ನಿ ಅಂತ 1985ರಲ್ಲೇ ಎಲ್. ಕೆ. ಝಾ ಸಮಿತಿ ಹೇಳಿತ್ತು. ಹಾಗೆ ಮಾಡಿದ್ದರೆ ನಿಮ್ಮ ಫೋನು ಡಿಸೆಂಬರಿಗೆ ಬರುತ್ತಿತ್ತೋ ಏನೋ.

ತೋಡಕರೆ
ಟೀಚರ್, ಮೇಲಿನ ಬೈಲಿನಲ್ಲಿ ಒಂದು ಕಿಂಡಿ ಅಣೆಕಟ್ಟು ಉಂಟು. ಹಲಗೆ ಇಳಿಸಲು ಯಾರೂ ಬರದೆ, ಹಲಗೆಗಳು ಒಬ್ಬರ ಕೊಟ್ಟಿಗೆಯಲ್ಲಿ ಗೆದ್ದಲು ಹಿಡಿದು ಕೂತಿವೆ. ಆದರೂ ಈ ಸಲದ ಗ್ರಾಮಸಭೆಯಲ್ಲಿ ಕೇಳುತ್ತೇನೆ. ಅಷ್ಟರವರೆಗೆ ನಮ್ಮ ಮಣ್ಣಿನ ಕಟ್ಟವೇ. ಬರುವ ಆದಿತ್ಯವಾರ ಹಾಕುವುದು ಅಂತ ಮಾಡಿದ್ದೇವೆ. ಮಾವ, ಬನ್ನಿ. ಮಧ್ಯಾಹ್ನಕ್ಕೆ ಗಂಜಿ, ಉಪ್ಪಿನಕಾಯಿ ಉಂಟು. ಬೊಂಡಪ್ರಿಯ ಬರುವುದಾದರೆ ಹಾರೆ ತರಲಿ.