ಸಹಾಯ ಬೇಕು: ಮಾಡಿಸಿದ ಬೇಸ್ ಗಿಟಾರಿನ ಇ ತಂತಿ ಸುರಕ್ಕ ಬರವಲ್ದು

ಎಲ್ಲಾರಿಗೂ ನಮಸ್ಕಾರ್ರಿ. ನಾನು ಕೊಪ್ಪಳದಾಂವ. ಅಂಗಡ್ಯಾಗಿನ ಒಳ್ಳೆ ಬೇಸ್ ಗಿಟಾರ್ ನನ್ನ ರೊಕ್ಕಕ್ಕ ನಿಲುಕಲಿಲ್ಲ, ಅದಕ್ಕ ನಾಲ್ಕು ತಂತೀದು ಇಲ್ಲೇ ಮಾಡಿಸೀನಿ. ನೆಕ್, ಪಿಕಪ್ (ತಂತಿ ದನಿ ಹಿಡಿಯೋ ಭಾಗ), ಬ್ರಿಡ್ಜ್ (ಬಾಡಿ ಮ್ಯಾಲೆ ತಂತಿ ಕಟ್ಟೋ ಭಾಗ) ಆನ್‌ಲೈನ್‌ನಾಗ ತರಿಸಿದೆ. ಬಾಡಿ ಮಾತ್ರ ನಮ್ಮ ಓಣಿ ಬಡಿಗೇರು ಹಳೇ ಸಾಗವಾನಿ ಬಾಗಲದ ಹಲಗಿ ಎರಡು ಅಂಟಿಸಿ ಕೊರದು ಕೊಟ್ರು. ಅಗಳಿ ಹಾಕತಿದ್ದ ತೂತು ಇನ್ನೂ ಹಿಂದ ಕಾಣತೈತಿ, ಮುಚ್ಚಾಕ ಮನಸ್ಸಾಗಲಿಲ್ಲ. ತೂಕ ಜಾಸ್ತಿ, ಆದ್ರ ದನಿ ಎದಿಗೆ ಬಡಿತೈತಿ.

ತ್ರಾಸು ಇ ತಂತೀದು. ಸ್ಕೇಲ್, ಅಂದ್ರ ನೆಕ್ ತುದಿಯ ನಟ್ ಪಟ್ಟಿಯಿಂದ ಬ್ರಿಡ್ಜ್ ತನಕ ತಂತಿ ಉದ್ದ, 34 ಇಂಚು. ನಟ್‌ನಿಂದ 12ನೇ ಫ್ರೆಟ್‌ಗೆ (ಫ್ರೆಟ್ ಅಂದ್ರ ನೆಕ್ ಮ್ಯಾಲಿನ ಲೋಹದ ಅಡ್ಡಪಟ್ಟಿ) ಬರೋಬ್ಬರಿ 17 ಇಂಚು ಐತಿ, ಅಳದೀನಿ. ಎ, ಡಿ, ಜಿ ಮೂರೂ ಶುದ್ಧ ಅದಾವು. ಇ ತಂತಿ ಖಾಲಿ ಬಾರಿಸಿದ್ರ ಸರಿ, 12ನೇ ಫ್ರೆಟ್ ಒತ್ತಿದ್ರ, ಅಲ್ಲೇ ತಂತಿ ಒತ್ತದ ಬರೇ ಮುಟ್ಟಿ ಬಾರಿಸಿದಾಗ ಬರೋ ಹಾರ್ಮೋನಿಕ್‌ಗಿಂತ 10 ಸೆಂಟ್ (ಅರ್ಧ ಸ್ವರದ ಹತ್ತನೇ ಒಂದು ಪಾಲು) ಏರತೈತಿ. ಬ್ರಿಡ್ಜ್ ಮ್ಯಾಲೆ ತಂತಿ ಕೂಡೋ ಸ್ಯಾಡಲ್ ಹಿಂದಕ್ಕ ಎಳದು ಎಳದು ಜಾಗಾನೇ ಮುಗೀತು. ಹೊಸ ತಂತಿ ಹಾಕಿದೆ, ಟ್ರಸ್ ರಾಡ್ (ನೆಕ್ ಬಾಗು ತಿದ್ದೋ ಒಳಗಿನ ಸಲಾಕಿ) ಕಾಲು ಸುತ್ತು ಬಿಗಿ ಮಾಡಿದೆ, ತಂತಿ ಎತ್ತರಾನೂ ಇಳಿಸಿದೆ. ಸ್ವಲ್ಪ ಕಡಿಮಿ ಆಗಿ 10ಕ್ಕ ನಿಂತದ್ದೇ ಇಷ್ಟರಿಂದ.

ನನ್ನ ಲೆಕ್ಕದಾಗ ಬ್ರಿಡ್ಜ್ 5 ಮಿಲಿಮೀಟರ್ ಹಿಂದ ಹೋಗಬೇಕು. ಆದ್ರ ಹೊಸ ಸ್ಕ್ರೂ ತೂತು ಹಳೇದಕ್ಕ ಹತ್ತಿಕೊಂಡೇ ಬರತಾವು, ತಂತಿ ಎಳತಕ್ಕ ಕಿತ್ತು ಬಂದ್ರ ಹಲಗಿ ಹಾಳಾಗತೈತಿ.

ಹಳೇ ತೂತಿಗೆ ಸಾಗವಾನಿ ಗೂಟ ಅಂಟಿಸಿ ಅದರ ಬಾಜೂಕ ಕೊರದ್ರ ಹಿಡಿತೈತೇನ್ರಿ? ಇಲ್ಲಾ 105ರ (0.105 ಇಂಚು ದಪ್ಪ) ಬದಲಿಗೆ 100ರ ತೆಳು ಇ ತಂತಿ ಮೊದಲು ಹಾಕಿ ನೋಡ್ಲೊ? ಮಾಡಿ ನೋಡಿದವರು ಹೇಳ್ರಿ.