ಅಪ್‌ಡೇಟ್: ಜಪಾನಿ ಕತ್ತಿಯ ಬಾಲದ ಮೇಲಿನ ಬರಹವನ್ನು ಓದಿದ್ದಾಯಿತು

ಅಜ್ಜನವರು 1945ರಲ್ಲಿ ಬರ್ಮಾ ಯುದ್ಧರಂಗದಿಂದ ತಂದಿದ್ದ ಜಪಾನಿ ಸೇನಾ ಕತ್ತಿಯ ನಕಾಗೊ, ಅಂದರೆ ಹಿಡಿಯೊಳಗೆ ಅಡಗಿರುವ ಅಲಗಿನ ಬಾಲದ ಮೇಲೆ ಕೊರೆದಿರುವ ಅಕ್ಷರಗಳನ್ನು ಓದಿಕೊಡುವಂತೆ ಇಲ್ಲಿ ಕೇಳಿದ್ದೆ. ತುಕ್ಕನ್ನು ಮುಟ್ಟದೆ, ಬೆಳಕನ್ನು ಒಂದು ಬದಿಯಿಂದ ಓರೆಯಾಗಿ ಹಾಯಿಸಿ ಮತ್ತೆ ಚಿತ್ರ ತೆಗೆಯಿರಿ ಎಂಬ ಸಲಹೆ ಫಲಿಸಿತು. ಬಿದಿರಿನ ಗೂಟ ತೂರಿಸುವ ರಂಧ್ರದ ಅಂಚಿನಲ್ಲಿ ಮಸುಕಾಗಿದ್ದ ಉಳಿಗೆರೆಗಳೂ ನೆರಳಿನಲ್ಲಿ ಎದ್ದು ಕಂಡವು.

ಒಂದು ಬದಿಯಲ್ಲಿ 'ಬಿಶೂ ಒಸಾಫುನೆ ಸುಕೆಸಾದ' (ಬಿಶೂ ಎಂದರೆ ಬಿಜೆನ್ ಪ್ರಾಂತದ ಚುಟುಕು ಹೆಸರು, ಒಸಾಫುನೆ ಅಲ್ಲಿನ ಊರು, ಸುಕೆಸಾದ ಕಮ್ಮಾರನ ಹೆಸರು) ಎಂದೂ ಇನ್ನೊಂದು ಬದಿಯಲ್ಲಿ ಎಯಿಶೋ ಶಕೆಯ ಐದನೆಯ ವರ್ಷ, ಎಂಟನೆಯ ತಿಂಗಳು ಎಂದೂ ಇದೆ. ಆ ಶಕೆ 1504ರಲ್ಲಿ ಆರಂಭವಾದ್ದರಿಂದ, ಮೊದಲ ವರ್ಷವನ್ನೂ ಸೇರಿಸಿ ಎಣಿಸಿದರೆ ಇದು 1508. ಎರಡನೆಯ ಇಲ್ಲವೇ ಎಂಟನೆಯ ತಿಂಗಳನ್ನು ಕೊರೆಯುವುದು ಕಮ್ಮಾರರ ರೂಢಿಯಾಗಿದ್ದುದರಿಂದ ತಿಂಗಳಿಗೆ ಹೆಚ್ಚು ಅರ್ಥ ಹಚ್ಚಬೇಕಿಲ್ಲ. ಹಿಡಿ, ಒರೆಗಳು ಸೇನೆಯವಾದರೂ ಅಲಗು ಹಳೆಯದಾಗಿರುವುದು ಅಪರೂಪವಲ್ಲ.

ಆದರೆ ಸುಕೆಸಾದ ಎಂಬುದು ಒಬ್ಬನ ಹೆಸರಲ್ಲ. ಇಂದಿನ ಒಕಾಯಾಮಾ ಪ್ರಾಂತದ ಒಸಾಫುನೆಯಲ್ಲಿ ಅನೇಕ ಕಮ್ಮಾರರು ತಲೆಮಾರುಗಳ ಕಾಲ ಆ ಹೆಸರನ್ನು ಕೊರೆದರು. ವಿಶೇಷ ಬೇಡಿಕೆಯ ಅಲಗುಗಳಲ್ಲಿ ಪ್ರಾಂತದ ಪೂರ್ಣ ಹೆಸರಿನೊಂದಿಗೆ 'ಯೊಸೊಜಾಎಮೊನ್ ನೊ ಜೊ'ದಂತಹ ವೈಯಕ್ತಿಕ ಹೆಸರೂ ಇರುತ್ತಿತ್ತು. ನನ್ನಲ್ಲಿರುವಂತಹ ಚುಟುಕು ಬರಹವು ಆ ಹಳೆಯ ಕಾಲದ ಯುದ್ಧಗಳಿಗೆಂದು ರಾಶಿರಾಶಿಯಾಗಿ ತಯಾರಾದ ಕತ್ತಿಗಳಲ್ಲಿ ಸಾಮಾನ್ಯ. ಮೇಲಾಗಿ, ಹೆಸರಾಂತ ಕಮ್ಮಾರರ ಸಹಿಯನ್ನು ಬೇರೆಯವರು ನಕಲು ಮಾಡುತ್ತಿದ್ದುದರಿಂದ, ಅಲಗಿನ ಆಕಾರ, ಹದದ ಗೆರೆ (ಅಲಗಿನ ಅಂಚನ್ನು ಹದಗೊಳಿಸಿದಾಗ ಮೂಡುವ ಗೆರೆ), ಅರದ ಗುರುತು ಮತ್ತು ತುಕ್ಕಿನ ಬಣ್ಣ ಹೊಂದಿದರೆ ಮಾತ್ರ ಈ ಓದಿಗೆ ಬೆಲೆ. ಬಲ್ಲವರು ಅಲಗನ್ನು ಕೈಯಲ್ಲಿ ಹಿಡಿದು ನೋಡುವವರೆಗೆ (ಮನೆಯವರು ಹುಣಿಸೆಹಣ್ಣು ಹಚ್ಚಿ ತಿಕ್ಕೋಣವೆಂದರೂ) ಆ ಕಪ್ಪು ತುಕ್ಕನ್ನು ಹಾಗೆಯೇ ಬಿಡುತ್ತೇನೆ.