ಐದೂಕಾಲು ರತ್ತಿ ನೀಲ: ಅನುಭವ ಇದ್ದವರು ಹೇಳಿ

ಕೇಳಿದವರು, ಶಿವಮೊಗ್ಗ:
ಮಗನಿಗೆ ನೀಲ ಹಾಕಿಸಬೇಕು ಅಂತ ಮನೇಲಿ ತೀರ್ಮಾನ ಆಗಿದೆ. ಐದೂಕಾಲು ರತ್ತಿ (ಹರಳು ತೂಗೋ ಅಳತೆ). ಅಂಗಡಿಯವರು ರತ್ತಿಗೆ 9,000 ಹೇಳಿದ್ದಾರೆ, ಒಟ್ಟು 47,250. ಸಿಲೋನ್ ಹರಳು ಅಂತಾರೆ, ಎಟಿಎಂ ಕಾರ್ಡಿನಷ್ಟು ದೊಡ್ಡ ಸರ್ಟಿಫಿಕೇಟ್ ಇದೆ. ಆರು ದಿನ ಜಾಂಗಡ್ ಮೇಲೆ ಮನೆಗೆ ಕೊಟ್ಟಿದ್ದಾರೆ, ಬೇಡ ಅಂದ್ರೆ ವಾಪಸ್. ಈ ಆರು ದಿನದಲ್ಲಿ ಏನೇನು ನೋಡಬೇಕು?

ಹೊಸನಗರದಿಂದ:
ಕಾರ್ಡಲ್ಲಿ ಟ್ರೀಟ್‌ಮೆಂಟ್ ಅನ್ನೋ ಸಾಲು, ಅಂದ್ರೆ ಹರಳನ್ನ ಕಾಯಿಸಿದ್ದಾರಾ, ಬಣ್ಣ ಕೊಟ್ಟಿದ್ದಾರಾ ಅನ್ನೋದು ಇದೆಯಾ? ನಮ್ಮದು ನೀಲ ಅಲ್ಲ, ಕನಕ ಪುಷ್ಯರಾಗ. 3.10 ಕ್ಯಾರೆಟ್ (ಒಂದು ಕ್ಯಾರೆಟ್ ಅಂದ್ರೆ 0.2 ಗ್ರಾಂ), ಕ್ಯಾರೆಟ್ಟಿಗೆ 14,000ದ ಹಾಗೆ 43,400. ಕಾರ್ಡಲ್ಲಿ ‘ನ್ಯಾಚುರಲ್ ಯೆಲ್ಲೋ ಸಫೈರ್’ ಅಂತಷ್ಟೇ ಇತ್ತು. ಅದು ಸುಳ್ಳಲ್ಲ, ಹರಳು ನೆಲದಿಂದ ಬಂದಿದ್ದೇ. ಬಣ್ಣ ಮಾತ್ರ ಕುಲುಮೆಯಿಂದ ಬಂದಿದ್ದು. ತೆಳು ಬಣ್ಣದ ಹರಳನ್ನ ಬೆರಿಲಿಯಂ ಪುಡಿ ಜೊತೆ ಇಟ್ಟು 1,800 ಡಿಗ್ರಿ ಆಸುಪಾಸಿನಲ್ಲಿ ದಿನಗಟ್ಟಲೆ ಬೇಯಿಸಿದ್ರೆ ಬೆರಿಲಿಯಂ ಒಳಗಿನವರೆಗೆ ಇಳಿದು ಹಳದಿ ಬರುತ್ತೆ. 2002ರ ಹೊತ್ತಿಗೆ ಇದು ಬಯಲಾಯ್ತು, ಇವತ್ತಿಗೂ ಮಾರ್ತಾನೇ ಇದ್ದಾರೆ. ಬೆರಿಲಿಯಂ ತೀರಾ ಹಗುರದ ಧಾತು. ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಇರೋ ಎಕ್ಸ್‌ರೇ ಯಂತ್ರದ ಕಣ್ಣಿಗೆ ಬೀಳಲ್ಲ, ಲೇಸರ್ ಪರೀಕ್ಷೆಯೇ ಬೇಕು. ವರದಿಗೆ ಬೇರೆ ದುಡ್ಡು ಕೊಟ್ಟು ಮಾಡಿಸಿದ್ದಾಯ್ತು. ಅದನ್ನ ಹಿಡ್ಕೊಂಡು ಹೋದ್ರೆ ಅದೇ ಅಂಗಡಿಯವರು ವಾಪಸ್ ಬೆಲೆ 11,000 ಅಂದ್ರು. ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ಬದಲಾವಣೆ ಮಾತ್ರ, ನಗದು ಇಲ್ಲ’ ಅಂತ ಇತ್ತು. ಬಿಲ್ಲಿನ ಹಿಂಭಾಗ ಓದದೆ ದುಡ್ಡು ಎಣಿಸಬೇಡಿ.

ತೀರ್ಥಹಳ್ಳಿ ಮೇಷ್ಟ್ರು:
ಕಾಯಿಸದ ಹರಳು ಬಿಟ್ಟು ಬೇರೆ ತಗೊಳ್ಳಲೇಬಾರದು. ನಮ್ಮನೆಯದು 3.42 ಕ್ಯಾರೆಟ್. ಹರಳಿಗೆ 75,240, ಜಿಎಸ್‌ಟಿ 0.25% ಅಂದ್ರೆ 188, ವರದಿಗೆ 2,400, ಇನ್ಶೂರ್ ಮಾಡಿದ ಕೊರಿಯರ್ 780. ಒಟ್ಟು 78,608. ವರದಿಯಲ್ಲಿ ‘ಕಾಯಿಸಿದ ಕುರುಹು ಇಲ್ಲ’ ಅಂತ ಸ್ಪಷ್ಟ ಸಾಲು ಇದೆ.
ಹತ್ತು ಪಟ್ಟಿನ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು, ಟಾರ್ಚನ್ನ ಪಕ್ಕದಿಂದ ಬಿಟ್ಟು ನೋಡಿ. ಕಾಯಿಸದ ಹರಳಲ್ಲಿ ರೇಷ್ಮೆ ಎಳೆ ಥರ ಸೂಜಿಗಳು ಮೂರು ದಿಕ್ಕಿಗೆ, 60 ಡಿಗ್ರಿ ಕೋನದಲ್ಲಿ ಹೆಣೆದುಕೊಂಡಿರ್ತವೆ. ಅದು ರೂಟೈಲ್ ಅನ್ನೋ ಖನಿಜ. ಕುಲುಮೆಗೆ ಹೋದ ಹರಳಲ್ಲಿ ಅದೇ ಎಳೆ ಕರಗಿ, ತುಂಡು ತುಂಡಾಗಿ, ಚುಕ್ಕಿ ಸಾಲಿನ ಹಾಗೆ ಉಳಿಯುತ್ತೆ. ಒಳಗಿದ್ದ ಕಣ ಉಬ್ಬಿ, ಸುತ್ತ ತಟ್ಟೆಯಾಕಾರದ ಬಿರುಕು ಬಿಟ್ಟಿರುತ್ತೆ. ಕೆಂಡದ ಮೇಲೆ ಹಾಕಿದ ಹಪ್ಪಳದ ಗುಳ್ಳೆ ಇದ್ದ ಹಾಗೆ. ನೋಡಿ ಅಭ್ಯಾಸ ಆದ್ರೆ ಮರೆಯಲ್ಲ.
ಕಾಶ್ಮೀರದ ನೀಲ ಅಂತ ಯಾರಾದ್ರೂ ಅಂದ್ರೆ ಎದ್ದು ಬನ್ನಿ. ಪಾಡರ್ ಕಣಿವೆಯ ಗಣಿ 1880ರ ದಶಕದಲ್ಲೇ ಹೆಚ್ಚುಕಮ್ಮಿ ಬರಿದಾಯ್ತು.

ಹೊಸನಗರದಿಂದ:
ಮೇಷ್ಟ್ರೇ, ಎಲ್ಲರ ಹತ್ರಾನೂ 78 ಸಾವಿರ ಇರಲ್ಲ. ಅಡಿಕೆ ತೂಕ ಆಗಿ ದುಡ್ಡು ಕೈಗೆ ಬರೋವರೆಗೆ ನಮಗೆ ಮುಂಗಡಾನೂ ಹುಟ್ಟಲ್ಲ.

ಗಾಂಧಿ ಬಜಾರ್ ಅಕ್ಕಸಾಲಿ:
ಮೇಷ್ಟ್ರ ಮಾತು ಅರ್ಧ ಸರಿ. ಬರೀ ಶಾಖ ಕೊಟ್ಟ ಹರಳು ಮೋಸ ಅಲ್ಲ. ಶ್ರೀಲಂಕಾದ ಹಾಲು ಬಣ್ಣದ ಗೇವುಡ ಕಲ್ಲು ಕಾಯಿಸಿದ ಮೇಲೇ ನೀಲಿ ಆಗೋದು. ಅದರೊಳಗಿನ ಟೈಟಾನಿಯಂ, ಕಬ್ಬಿಣದ ಜೊತೆ ಸೇರಿ ಬಣ್ಣ ಕೊಡುತ್ತೆ, ಹೊರಗಿಂದ ಏನೂ ಹಾಕಿರಲ್ಲ. ಆ ಬಣ್ಣ ಮಾಸಲ್ಲ. ಕಾಯಿಸಿದ್ದು ಅಂತ ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿದ್ರೆ ತಪ್ಪೇನು?
ಹೆದರಬೇಕಾದ್ದು ಗಾಜು ತುಂಬಿದ ಹರಳಿಗೆ. ಬಿರುಕೆಲ್ಲ ಕೋಬಾಲ್ಟ್ ಸೇರಿದ ಸೀಸದ ಗಾಜಿಂದ ಮುಚ್ಚಿರ್ತಾರೆ. ನಿಂಬೆರಸ ತಾಗಿದ್ರೂ ಆ ಗಾಜು ತಿಂದು ಹೋಗಿ ಬಿರುಕು ಬೆಳ್ಳಗೆ ಎದ್ದು ಕಾಣುತ್ತೆ. ಲೂಪಲ್ಲಿ ಹರಳನ್ನ ಓಲಾಡಿಸಿ ನೋಡಿ, ಬಿರುಕಿನ ಉದ್ದಕ್ಕೂ ನೀಲಿ ಮಿಂಚು, ಚಪ್ಪಟೆ ಗುಳ್ಳೆ ಕಂಡ್ರೆ ಅದೇ.
ಇನ್ನೊಂದು, ಹರಳಿನ ಹೊಟ್ಟೆ. 8×6 ಮಿಲಿಮೀಟರಿನ ಓವಲ್, ಸರಿಯಾದ ಕಟಿಂಗಲ್ಲಿ ಒಂದೂವರೆ ಕ್ಯಾರೆಟ್ ಆಸುಪಾಸು ತೂಗಬೇಕು. ಅದೇ ಅಳತೆ 2.20 ತೂಗಿದ್ರೆ ಉಳಿದ ತೂಕ ಎಲ್ಲಾ ತಳದಲ್ಲಿ. ಉಂಗುರದ ಮೇಲಿಂದ ಕಾಣದ ಹೊಟ್ಟೆಗೆ ನೀವು ದುಡ್ಡು ಕೊಟ್ಟ ಹಾಗೆ. ಉಲ್ಟಾ, ತಳ ತೆಳು ಇದ್ರೆ ಹರಳನ್ನ ಪೇಪರ್ ಮೇಲಿಟ್ಟಾಗ ಅಕ್ಷರ ಓದಬಹುದು, ನಡುವೆ ಬಣ್ಣ ತೊಳೆದ ಹಾಗೆ ಕಾಣುತ್ತೆ.
ಮುಂದೆ ಉಂಗುರ ರಿಪೇರಿಗೆ ಬಂದ್ರೆ ಹರಳು ತೆಗೆಸದೆ ಬೆಸುಗೆ ಹಾಕಿಸಬೇಡಿ. ಬಿಳಿಗಾರ ಮೆತ್ತಿ ಬೆಂಕಿ ಕೊಟ್ರೆ ನೀಲದ ಮೈ ಕೂಡ ಕೊರೆದು ಹೋಗುತ್ತೆ, ಮತ್ತೆ ಪಾಲಿಶ್ ಹಾಕಿಸಿದ್ರೆ ತೂಕ ಇಳಿಯುತ್ತೆ. ತೋಟದ ಕೆಲಸದವರ ಉಂಗುರದಲ್ಲಿ ಅಡಿಕೆ ಚೊಗರು, ಎಣ್ಣೆ ಹರಳಿನ ಅಡಿಗೆ ಕಟ್ಟಿ ‘ಹರಳು ಸತ್ತೋಯ್ತು’ ಅಂತ ತರ್ತಾರೆ. ಬಿಸಿನೀರು, ಸೋಪು, ಮೆತ್ತನೆ ಬ್ರಷ್ ಸಾಕು.

ಭದ್ರಾವತಿಯಿಂದ:
ಇಷ್ಟೆಲ್ಲಾ ಎಂತಕ್ಕೆ? ಹಾಲಿಗೆ ಹಾಕಿ, ಹಾಲು ನೀಲಿ ಆದ್ರೆ ಅಸಲಿ.

ತೀರ್ಥಹಳ್ಳಿ ಮೇಷ್ಟ್ರು:
ನೀಲಿ ಬಾಟ್ಲಿ ಚೂರು ಹಾಕಿ, ಅದಕ್ಕೂ ಹಾಲು ನೀಲಿಯಾಗಿ ಕಾಣುತ್ತೆ. ಅದು ಬೆಳಕಿನ ಕೆಲಸ, ಹರಳಿನ ಗುಣ ಅಲ್ಲ. ಮಕ್ಕಳ ಉಂಗುರದ ವಿಷಯದಲ್ಲಿ ಇಂಥ ಮಾತು ಹರಡಬೇಡಿ.

ಸಾಗರದ ಅಕ್ಕ:
ತೂಕದ ಬಗ್ಗೆ ಯಾರೂ ಬಾಯಿ ಬಿಡ್ತಿಲ್ವಲ್ಲ. ರತ್ತಿ ಅಂದ್ರೆ ಗುಲಗಂಜಿ. ಹಳೇ ಲೆಕ್ಕದಲ್ಲಿ ಒಂದು ಗುಲಗಂಜಿ 0.12 ಗ್ರಾಂ ಚಿಲ್ಲರೆ. ಐದೂಕಾಲು ಗುಲಗಂಜಿ ಅಂದ್ರೆ 0.64 ಗ್ರಾಂ, ಅಂದ್ರೆ 3.19 ಕ್ಯಾರೆಟ್. ಬಜಾರಿನವರು ರತ್ತಿಗೆ 0.91 ಕ್ಯಾರೆಟ್ ಹಿಡಿದು 4.78 ಕ್ಯಾರೆಟ್ ಮಾರ್ತಾರೆ. ವ್ಯತ್ಯಾಸ 1.59 ಕ್ಯಾರೆಟ್. ರತ್ತಿಗೆ 9,000 ಅಂದ್ರೆ ಕ್ಯಾರೆಟ್ಟಿಗೆ 9,890 ಬೀಳುತ್ತೆ, ಅಲ್ಲಿಗೆ 15,700 ರೂಪಾಯಿ ಬರೀ ಹೆಸರಿನ ಗೊಂದಲಕ್ಕೆ ಹೋಯ್ತು. ನಾವೂ ಹೀಗೇ ಕೊಟ್ಟವರು.

ಗಾಂಧಿ ಬಜಾರ್ ಅಕ್ಕಸಾಲಿ:
ಅಕ್ಕಾ, ಬೇಲಿ ಮೇಲಿನ ಹತ್ತು ಗುಲಗಂಜಿ ತೂಗಿ ನೋಡಿ, ಹತ್ತೂ ಒಂದೇ ಬರಲ್ಲ. ಅದಕ್ಕೇ ಪೇಟೆಯಲ್ಲಿ 0.182 ಗ್ರಾಂ ಅಂತ ಒಂದು ಲೆಕ್ಕ ನಿಂತಿದೆ. ಇದು ಇಲ್ಲಿನವರ ಕಿತಾಪತಿ ಅಲ್ಲ, ಹರಳು ಬರೋ ಜೈಪುರದಲ್ಲೂ ಇದೇ ರತ್ತಿ.

ಸಾಗರದ ಅಕ್ಕ:
ಜೈಪುರದ ರತ್ತಿ ಜೈಪುರದಲ್ಲಿರಲಿ. ಹರಳು ಹಾಕಿ ಅಂತ ಹೇಳಿದ ಜ್ಯೋತಿಷಿಗಳು ಯಾವ ರತ್ತಿ ಹೇಳಿದ್ದು ಅಂತ ನಿಮ್ಮಲ್ಲಿ ಒಬ್ಬರಾದ್ರೂ ಗಿರಾಕಿಯನ್ನ ಕೇಳ್ತೀರಾ? ಬಿಲ್ಲಲ್ಲಿ ಕ್ಯಾರೆಟ್ ಬರೆಯೋಕೆ ಎಂತ ಕಷ್ಟ?

ಗಾಂಧಿ ಬಜಾರ್ ಅಕ್ಕಸಾಲಿ:
ಬಿಲ್ಲಲ್ಲಿ ಕ್ಯಾರೆಟ್ ಬರೆಯಲೇಬೇಕು, ಅದನ್ನ ಒಪ್ಪುತ್ತೇನೆ. ನಾನು ಬರೀತೀನಿ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕೊಪ್ಪದಿಂದ:
ಜಗಳದ ನಡುವೆ ಕೇಳಿದವರ ಆರು ದಿನ ಕಳೀತಾ ಇದೆ. ಮನೇಲೇ ಸಾಂದ್ರತೆ ನೋಡಿ. 0.001 ಗ್ರಾಂ ತೋರಿಸೋ ಚಿಕ್ಕ ತಕ್ಕಡಿ ಬೇಕು. 0.01ರದ್ದು ಈ ಕೆಲಸಕ್ಕೆ ಸಾಲದು.
ಮೊದಲು ಹರಳನ್ನ ಒಣಗಿಸಿ ತೂಗಿ ಬರೆದಿಡಿ. ಸಣ್ಣ ಲೋಟದಲ್ಲಿ ನೀರಿಟ್ಟು, ಒಂದು ತೊಟ್ಟು ಸೋಪು ಹಾಕಿ, ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಹರಳನ್ನ ತೆಳು ನೈಲಾನ್ ಎಳೆಯಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡೀರಿ. ಕೈ ನಡುಗುತ್ತೆ, ಎಳೆಯನ್ನ ಎರಡು ಡಬ್ಬದ ಮೇಲಿಟ್ಟ ಕಡ್ಡಿಗೆ ಕಟ್ಟಿ. ಹರಳಿಗೆ ಗುಳ್ಳೆ ಅಂಟಿದ್ರೆ ಲೆಕ್ಕ ಕೆಡುತ್ತೆ, ಬ್ರಷ್‌ನಿಂದ ತೆಗೀರಿ. ಮೊದಲ ತೂಕವನ್ನ ಈಗ ತೋರಿಸಿದ ಅಂಕಿಯಿಂದ ಭಾಗಿಸಿ.
ನೀಲ, ಪುಷ್ಯರಾಗ, ಮಾಣಿಕ್ಯ ಎಲ್ಲಾ ಕೊರಂಡಮ್ ಅನ್ನೋ ಒಂದೇ ಖನಿಜ, 4.00 ಆಸುಪಾಸು ಬರಬೇಕು. ಪುಷ್ಯರಾಗ ಅಂತ ಮಾರೋ ಸುನೇಲಾ (ಹಳದಿ ಸ್ಫಟಿಕ) 2.65, ಟೋಪಾಜ್ 3.5. ನೀಲದ ಹಾಗೇ ಕಾಣೋ ಬೇರೆ ಖನಿಜ, ಕೃತಕ ನೀಲಿ ಸ್ಪಿನೆಲ್ 3.64. ನಿಮ್ಮ 4.78 ಕ್ಯಾರೆಟ್ ಅಂದ್ರೆ 0.956 ಗ್ರಾಂ. ನೀಲ ಆದ್ರೆ ನೀರಲ್ಲಿ 0.239, ಸ್ಪಿನೆಲ್ ಆದ್ರೆ 0.263.
ಒಂದು ಎಚ್ಚರಿಕೆ. ಕಾರ್ಖಾನೆಯಲ್ಲಿ ಬೆಳೆಸಿದ ನೀಲಕ್ಕೂ 4.00 ಬರುತ್ತೆ, ಅದೂ ಕೊರಂಡಮ್ಮೇ. ಫ್ರಾನ್ಸಿನ ವಿಜ್ಞಾನಿ ವರ್ನಾಯ್ 1902ರಲ್ಲಿ ಹೊರತಂದ ವಿಧಾನದಲ್ಲಿ ಇವತ್ತಿಗೂ ಮಾಡ್ತಾರೆ. ಅದನ್ನ ಬೇರೆ ಮಾಡೋಕೆ ಹರಳನ್ನ ಗಾಜಿನ ಬಟ್ಟಲಲ್ಲಿ ಕೊಬ್ಬರಿ ಎಣ್ಣೆಗೆ ಹಾಕಿ, ಕೆಳಗಿಂದ ಮೊಬೈಲಿನ ಬಿಳಿ ಪರದೆ ಬೆಳಕು ಕೊಡಿ. ನೆಲದ ಹರಳಲ್ಲಿ ಬಣ್ಣದ ಪಟ್ಟೆ ನೇರ, ಕೋನಕ್ಕೆ ಮುರಿಯುತ್ತೆ. ಕಾರ್ಖಾನೆಯದರಲ್ಲಿ ಬಿಲ್ಲಿನ ಹಾಗೆ ಬಾಗಿರುತ್ತೆ. ಮುಖದ ಅಂಚುಗಳಲ್ಲಿ ಮಾತ್ರ ಬಣ್ಣ ಗಾಢ ಇದ್ರೆ ಅದು ಮೇಲ್ಮೈಗೆ ಟೈಟಾನಿಯಂ ಇಳಿಸಿದ್ದು.

ಕೇಳಿದವರು, ಶಿವಮೊಗ್ಗ:
ಮೂರು ಸಲ ಮಾಡಿದೆ. ಒಣ ತೂಕ 0.957. ನೀರಲ್ಲಿ 0.262, 0.263, 0.262. ಎಣ್ಣೆಯಲ್ಲಿ ಪಟ್ಟೆ ಯಾವುದೂ ಇಲ್ಲ, ಎರಡು ಸಣ್ಣ ಗುಂಡು ಗುಳ್ಳೆ ಕಾಣುತ್ತೆ. ಕಾರ್ಡಲ್ಲಿ ಅಳತೆ 9.84×8.02×6.15 ಇದೆ, ನನ್ನ ವರ್ನಿಯರ್‌ನಲ್ಲಿ 10.2×8.4×6.4.

ಕೊಪ್ಪದಿಂದ:
3.65. ಸ್ಪಿನೆಲ್. ಕಾರ್ಡಿನ ಹರಳೂ ಕೈಲಿರೋ ಹರಳೂ ಬೇರೆ ಬೇರೆ. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದ್ರೆ ಅದರ ಮೂಲಕ ಹರಳನ್ನ ಬೇರೆ ಬೇರೆ ಮಗ್ಗುಲಿಗಿಟ್ಟು, ಗ್ಲಾಸ್ ತಿರುಗಿಸ್ತಾ ನೋಡಿ. ನೀಲ ಆದ್ರೆ ನೀಲಿ, ಹಸಿರುನೀಲಿ ಎರಡೂ ಬರುತ್ತೆ. ಸ್ಪಿನೆಲ್ ಯಾವ ಮಗ್ಗುಲಿಗೂ ಒಂದೇ ಬಣ್ಣ.

ತೀರ್ಥಹಳ್ಳಿ ಮೇಷ್ಟ್ರು:
ಕಾರ್ಡಿನ ನಂಬರನ್ನ ಲ್ಯಾಬಿನ ವೆಬ್‌ಸೈಟಲ್ಲಿ ನೀವೇ ಟೈಪ್ ಮಾಡಿ ನೋಡಿ, ಕಾರ್ಡಿನ ಕ್ಯೂಆರ್ ನಂಬಬೇಡಿ. ಮುಂದೆ ತಗೊಳ್ಳೋದಾದ್ರೆ ಕಾಯಿಸದ್ದೇ ತಗೊಳ್ಳಿ.

ಗಾಂಧಿ ಬಜಾರ್ ಅಕ್ಕಸಾಲಿ:
ಮೇಷ್ಟ್ರೇ, ಈಗ ಆ ಮಾತು ಬೇಡ. ಸ್ವಾಮಿ, ಇವತ್ತೇ ಹೋಗಿ. ಒಬ್ಬರೇ ಹೋಗಬೇಡಿ. ಹರಳನ್ನ ಅವರ ತಕ್ಕಡಿಯಲ್ಲೇ ಎದುರಿಗೆ ತೂಗಿಸಿ, ತೂಕ ಮತ್ತು ಮೂರೂ ಅಳತೆ ಜಾಂಗಡ್ ಚೀಟಿ ಮೇಲೆ ಬರೆಸಿ, ಸಹಿ ತಗೊಂಡ ಮೇಲೆ ಹರಳು ಅವರ ಕೈಗೆ ಕೊಡಿ. ತೂಗುವಾಗ ಫೋಟೋ ತೆಗೀರಿ. ಇಲ್ಲಾಂದ್ರೆ ನಾಳೆ ಹರಳು ಬದಲಾಯಿಸಿದ್ದು ನೀವೇ ಅಂತಾರೆ.